ಮಿರಜದ ಲೈಸನ್ಸು, ಅಥಣಿಯ ಗಾಡಿ

ಹಳೇ ಟೆಂಪೋಗೆ ಒಂದು ಲಕ್ಷ ತೊಂಬತ್ತು ಸಾವಿರ. ಅದರ ಪಕ್ಕೆ ಕೊಯ್ದು ಕಿಟಕಿ, ಕಟ್ಟೆ, ನೀರಿನ ಟಾಕಿ ಕೂಡಿಸಿದ್ದಕ್ಕೆ ಅರವತ್ತು ಸಾವಿರ. ಒಲೆ, ಬಾಣಲೆ, ಸ್ಟೀಲಿನ ಡಬ್ಬಿಗಳಿಗೆ ಇಪ್ಪತ್ತೆರಡು ಸಾವಿರ. ಬಣ್ಣ ಬಳಿದು ಹೆಸರು ಬರೆದವನಿಗೆ ನಾಲ್ಕು ಸಾವಿರ. ಶೇಡಬಾಳದ ಸಮ್ಮೇದ ಮತ್ತು ಅವನ ಹೆಂಡತಿ ರೂಪಾಲಿ ತಿಂಡಿ ಗಾಡಿ ಹಾಕಲು ಮಾಡಿದ ಖರ್ಚು ಇದು. ರೂಪಾಲಿಯ ಕೈಯ ಬಂಗಾರದ ಪಾಟಲಿಗಳೂ ಅದರಲ್ಲಿ ಕರಗಿದ್ದವು. ಲೈಸನ್ಸಿಗೆಂದು ಮಾತ್ರ ಇಬ್ಬರೂ ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ.

ಲೈಸನ್ಸು ಗಾಡಿಯ ಜೊತೆಗೇ ಬಂದಿದೆ ಎಂದು ಸಮ್ಮೇದ ತಿಳಿದಿದ್ದ. ಮಿರಜದಲ್ಲಿ ಹಿಂಬಾಗಿಲು ತೆರೆದಿಟ್ಟು ಭೇಲ್ ಮಾರುತ್ತಿದ್ದ ಒಬ್ಬನಿಂದ ಕೊಂಡ ಗಾಡಿ ಅದು. ಅವನ ಹೆಸರಿನ ಆಹಾರ ಪರವಾನಗಿ ಕಟ್ಟು ಹಾಕಿಸಿಕೊಂಡು ಒಳಗೆ ತೂಗುತ್ತಿತ್ತು, ಮುದ್ದತ್ತು ಇನ್ನೂ ಮುಗಿದಿರಲಿಲ್ಲ. ಶೇಡಬಾಳದವರಿಗೆ ಮಿರಜ ಪರವೂರಲ್ಲ. ಹೆರಿಗೆಗೆ ಅಲ್ಲಿಗೆ ಹೋಗುತ್ತಾರೆ, ಮದುವೆಯ ಸೀರೆ ಅಲ್ಲಿಂದ ತರುತ್ತಾರೆ, ಹೆಣ್ಣನ್ನೂ ಅಲ್ಲಿಂದಲೇ ತರುತ್ತಾರೆ. ನಡುವೆ ರಾಜ್ಯದ ಗಡಿ ಒಂದಿದೆ ಎನ್ನುವುದು ಯಾರಿಗೂ ನೆನಪಿರುವುದಿಲ್ಲ.

ಅಥಣಿ ಬಸ್ ನಿಲ್ದಾಣದ ತಿರುವಿನಲ್ಲಿ ಗಾಡಿ ನಿಂತಿತು. ಮಾಡಿದ್ದೆಲ್ಲ ಜೈನ ತಿಂಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟದೆ ಬಾಳೆಕಾಯಿಯ ವಡಾಪಾವ್, ಮಡಿಕೆಕಾಳಿನ ಉಸುಳಿ. ಹೊತ್ತು ಮುಳುಗುವ ಮೊದಲೇ ಒಲೆ ಆರಿಸಿಬಿಡುತ್ತಿದ್ದರು. ಆಚೆ ಬದಿಯಲ್ಲಿ ಗಿರಮಿಟ್ ಚುರುಮುರಿ ಮಾರುವ ಭೀಮಾಬಾಯಿ ಒಂದು ವಡಾ ತಿಂದು ನೋಡಿ, “ಉಳ್ಳಾಗಡ್ಡಿ ಇಲ್ಲದ ವಡಾ ಅಂದ್ರ ಮೀಸಿ ಇಲ್ಲದ ಪೈಲವಾನ ಇದ್ದಂಗ ಐತಿ. ಆದ್ರ ಪೈಲವಾನ ಗಟ್ಟಿ ಅದಾನ, ಇನ್ನೊಂದು ಕೊಡು” ಎಂದಿದ್ದಳು.

ಒಂದು ಮಧ್ಯಾಹ್ನ ಆ ತಿರುವಿನಲ್ಲಿ ಆಂಬ್ಯುಲೆನ್ಸೊಂದು ತಿರುಗಲು ಜಾಗವಿಲ್ಲದೆ ಕೂಗುತ್ತ ನಿಂತಿತು. ಒಳಗೆ ಯಾರೋ ನರಳುತ್ತಿದ್ದರು. ಸಮ್ಮೇದ ಕಾದ ಎಣ್ಣೆಯ ಬಾಣಲೆ ಇಳಿಸಿ ಗಾಡಿ ಹಿಂದೆ ಸರಿಸಿ ಅದಕ್ಕೆ ದಾರಿ ಬಿಡುವಷ್ಟರಲ್ಲಿ ಪೊಲೀಸರು ಬಂದರು, ಅವರ ಬೆನ್ನಿಗೇ ಪುರಸಭೆಯ ಆರೋಗ್ಯ ನಿರೀಕ್ಷಕರು. ಪರವಾನಗಿ ನೋಡಿದರೆ ಹೆಸರು ಬೇರೆಯವನದು, ವಿಳಾಸ ಮಹಾರಾಷ್ಟ್ರದ್ದು. ಒಲೆಗೆ ಹಚ್ಚಿದ್ದು ಮನೆಯ ಸಿಲಿಂಡರು. ದಂಡ ಹಾಕಿ, ಗಾಡಿಯನ್ನು ಠಾಣೆಯ ಅಂಗಳಕ್ಕೆ ಒಯ್ದರು. ದಂಡ ಕಟ್ಟಿ ಬಿಡಿಸಿಕೊಂಡು ಬರುವ ಹೊತ್ತಿಗೆ ಕಲಸಿಟ್ಟ ಹಿಟ್ಟೆಲ್ಲ ಹುಳಿ ಬಂದಿತ್ತು.

ಮನೆಗೆ ಬಂದ ಸಮ್ಮೇದ ಗಾಡಿ ಮಾರಿಬಿಡೋಣ ಎಂದ. ರೂಪಾಲಿ ಬೇಡವೇ ಬೇಡ ಎಂದಳು. ಮದುವೆಯಾದಾಗಿನಿಂದ ಅವಳು ಬೇರೆಯವರ ಮನೆಯ ಕಾರ್ಯಗಳಿಗೆ ರೊಟ್ಟಿ ಬಡಿದು ಕೊಟ್ಟವಳು. ತನ್ನದೆಂದು ಹೇಳಿಕೊಳ್ಳಲು ಸಿಕ್ಕ ಮೊದಲ ಒಲೆ ಆ ಗಾಡಿಯದು. ಅವಳು ಮರುದಿನವೇ ಭೀಮಾಬಾಯಿಯ ಬಳಿಗೆ ಹೋದಳು. ಪುರಸಭೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪರವಾಗಿ ಕೂಡುವವಳು ಭೀಮಾಬಾಯಿ. ಗಿರಮಿಟ್ ಗಾಡಿಗೆ ಬಟ್ಟೆ ಮುಚ್ಚಿ ಅವಳು ಶೇಡಬಾಳಕ್ಕೇ ಬಂದಳು.

ಸಮ್ಮೇದ ಮುಖ ಗಂಟು ಹಾಕಿಕೊಂಡೇ ಕೂತಿದ್ದ. “ಮಾವಶಿ, ಅದೇ ಲೈಸನ್ಸ್ ಮಿರಜದಾಗ ನಡೀತಿತ್ತು. ಇಲ್ಲ್ಯಾಕ ನಡ್ಯಂಗಿಲ್ಲ?”

“ಲೈಸನ್ಸು ಗಾಡಿಗಲ್ಲ ಅಣ್ಣಾರ, ಅಡಗಿ ಮಾಡಿ ಮಾರೋರಿಗೆ ಕೊಡ್ತಾರ. ನಾಳೆ ಯಾರದರ ಹೊಟ್ಟಿ ಕೆಟ್ರ ಮಿರಜದ ಮನಶ್ಯಾನ್ನ ಹುಡಕ್ಕೊಂತ ಹೋಗಬೇಕೇನು? ನಿಮ್ಮ ಹೆಸರಿಲೆ, ನಿಮ್ಮ ವಿಳಾಸಕ್ಕ ಬ್ಯಾರೇ ಮಾಡಸ್ರಿ.”

“ಕಚೇರಿ ಅಂದ್ರ ಚಪ್ಪಲಿ ಸವೀತಾವ. ಕೈ ಬೆಚ್ಚಗ ಮಾಡದ ಯಾರ ಕೊಡ್ತಾರ?”

“ನನ್ನೂ ಅಡ್ಡಾಡಿಸಿದ್ರು, ಸುಳ್ಳ ಯಾಕ ಹೇಳ್ಲಿ. ಆದ್ರ ರಸೀದಿ ಇಲ್ಲದ ಒಂದ ರೂಪಾಯಿ ಕೊಟ್ಟಿಲ್ಲ. ಈಗ ಯಾರರ ಗಾಡಿ ತಗೀ ಅಂದ್ರ ಪುರಸಭಿ ಕೊಟ್ಟ ಬೀದಿ ವ್ಯಾಪಾರಿ ಕಾರ್ಡ ತೋರಸ್ತೇನಿ, ಸುಮ್ನ ಹೋಗ್ತಾರ.”

ಸಮ್ಮೇದ ಒಪ್ಪಲಿಲ್ಲ, ಗಾಡಿ ಮಾರುವ ಸುದ್ದಿಯನ್ನು ಆಗಲೇ ಹಬ್ಬಿಸಿದ್ದ. ಭೀಮಾಬಾಯಿ ಹೋದ ಮರುದಿನ ಉಗಾರದಿಂದ ಗಿರಾಕಿಯೊಬ್ಬ ಗಾಡಿ ನೋಡಲು ಬಂದ. ಸುತ್ತ ತಿರುಗಿ, ಆರ್‌ಸಿ ಕೇಳಿ, ನಕ್ಕ. “ಗಾಡಿ ಇನ್ನೂ ನಿಮ್ಮ ಹೆಸರಿಗಾಗಿಲ್ಲ. ಪಕ್ಕಿ ಕೊಯ್ದದ್ದು ಆರ್‌ಸಿಯೊಳಗ ಏರಿಲ್ಲ. ಇದನ್ನ ಗುಜರಿ ರೇಟಿಗೆ ತಗೋಬೇಕಾಕ್ಕತಿ ನೋಡ್ರಿ.”

ಅವನು ಹೋದ ಮೇಲೆ ಸಮ್ಮೇದ ಗಾಡಿಯ ಬಾಗಿಲು ಹಾಕಿದ. ಆಮೇಲೆ ಭೀಮಾಬಾಯಿಗೆ ತಾನೇ ಫೋನ್ ಮಾಡಿ, ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಿದ.

ಸಣ್ಣ ವ್ಯಾಪಾರಕ್ಕೆ ಬೇಕಾದ ಆಹಾರ ನೋಂದಣಿ ಆನ್‌ಲೈನಿನಲ್ಲಿ ರೂಪಾಲಿಯ ಹೆಸರಿಗೇ ಆಯಿತು, ಅಡುಗೆ ಅವಳದಲ್ಲವೇ. ಅದು ಸುಲಭದ ಕೆಲಸ. ಕಷ್ಟವಾದದ್ದು ಗಾಡಿಯದು. ಮಹಾರಾಷ್ಟ್ರದ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಹೆಸರು ಬದಲಿಸಿ, ಕೊಯ್ದ ಪಕ್ಕೆಯನ್ನು ಅಧಿಕಾರಿಗೆ ತೋರಿಸಿ ಆರ್‌ಸಿಗೆ ಏರಿಸಬೇಕಾಯಿತು. ಕೊಯ್ಯುವ ಮೊದಲೇ ಅನುಮತಿ ಕೇಳಿದ್ದರೆ ಅರ್ಧ ಓಡಾಟ ತಪ್ಪುತ್ತಿತ್ತು ಎಂದು ಆ ಅಧಿಕಾರಿಯೇ ಹೇಳಿದರು. ವಿಮೆಯನ್ನೂ ಹೊಸದಾಗಿ ಮಾಡಿಸಿದರು. ಮನೆಯ ಸಿಲಿಂಡರು ಮನೆಗೆ ಹೋಯಿತು. ವ್ಯಾಪಾರದ ಸಿಲಿಂಡರು, ಬೆಂಕಿ ಆರಿಸುವ ಡಬ್ಬಿ ಬಂದವು.

ಉಳಿದದ್ದು ಜಾಗ. ಸಮಿತಿಯ ಸಭೆಯಲ್ಲಿ ಎಲ್ಲರೂ ಬಸ್ ನಿಲ್ದಾಣದ ಹತ್ತಿರದ ಜಾಗ ಕೇಳುತ್ತಿದ್ದರು, ಅದೂ ಸಂಜೆಯ ಹೊತ್ತಿಗೆ. ಸಮ್ಮೇದನೂ ಅದಕ್ಕೇ ಕೈ ಎತ್ತಿದ್ದ. ಖಾಲಿ ಒಂದೂ ಇರಲಿಲ್ಲ. ಪಾಳಿ ಬರುವ ತನಕ ಕಾಯಬೇಕು, ಎಷ್ಟು ದಿನವೋ ಹೇಳಲಾಗದು ಎಂದರು. ರೂಪಾಲಿ ಗಂಡನ ಕೈ ಕೆಳಗೆ ಎಳೆದು ತಾನು ಎದ್ದು ನಿಂತಳು.

“ಸಾಹೇಬ್ರ, ನಮಗ ಸಂಜಿ ಬ್ಯಾಡ್ರಿ. ಹೊತ್ತು ಮುಣಗಿದ ಮ್ಯಾಲ ನಾವೂ ಉಣ್ಣಂಗಿಲ್ಲ, ಮಾರಂಗೂ ಇಲ್ಲ. ತಾಲೂಕು ಕಚೇರಿ ಹಂತೇಕ ಜಾಗಾ ಗುರ್ತ ಮಾಡೀರಿ, ಸಂಜಿಮುಂದ ಮಂದಿ ಇರಂಗಿಲ್ಲಂತ ಅದನ್ನ ಯಾರೂ ಕೇಳವಲ್ರು. ಅದನ್ನ ಹಗಲಿಗೆ ನಮಗ ಕೊಡ್ರಿ.”

ಸಭೆ ನಡೆಸುತ್ತಿದ್ದ ಸಾಹೇಬರು ಜಾಗಗಳ ಪಟ್ಟಿ ತೆಗೆದು ನೋಡಿದರು. ಆಮೇಲೆ ಭೀಮಾಬಾಯಿ, “ಬರಕೋರಿ ಸಾಹೇಬ್ರ, ಆಕಿ ಮನಸ್ಸು ಬದಲಾಗೂದ್ರೊಳಗ” ಎಂದಳು. ಎಲ್ಲರೂ ನಕ್ಕರು, ಸಾಹೇಬರು ಬರೆದುಕೊಂಡರು.

ಈಗ ಬೆಳಿಗ್ಗೆ ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಹಳ್ಳಿಗಳಿಂದ ಬಂದವರು ಹಸಿದು ಹೊರಗೆ ಬಂದರೆ ಎದುರಿಗೇ ರೂಪಾಲಿಯ ಗಾಡಿ. ಪೊಲೀಸರೂ ಬರುತ್ತಾರೆ, ಉಸುಳಿ ತಿನ್ನಲಿಕ್ಕೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಿಮ್ಮ ಊರು ಯಾವುದೇ ಇರಲಿ, ತಿಂಡಿ ಗಾಡಿ ಹಾಕುವ ಮನಸ್ಸಿದ್ದರೆ ಟೆಂಪೋ ನೋಡುವ ಮೊದಲು ನಿಮ್ಮ ಊರಿನ ಪುರಸಭೆ, ನಗರಸಭೆ ಅಥವಾ ಪಂಚಾಯಿತಿಗೆ ಹೋಗಿ. ಗಾಡಿ ಎಲ್ಲಿ ನಿಲ್ಲಿಸಬಹುದು, ಯಾವ ಹೊತ್ತಿಗೆ, ಶುಲ್ಕ ಎಷ್ಟು ಎಂದು ಕೇಳಿ. ಆಹಾರ ನೋಂದಣಿ ನಿಮ್ಮ ಹೆಸರಿನಲ್ಲೇ ಇರಲಿ. ಗಡಿಯಾಚೆಯ ಗಾಡಿ ಕೊಂಡರೆ ಮೊದಲು ಅದರ ಕಾಗದ ಈಚೆಗೆ ತನ್ನಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಲು ಮರೆಯಬೇಡಿ.

ರೂಪಾಲಿ, ಸಮ್ಮೇದರಿಗೆ ಎರಡು ತಿಂಗಳ ವ್ಯಾಪಾರ ಹೋಯಿತು, ದಂಡದ ಹಣ ಹೋಯಿತು. ಗಾಡಿ ಉಳಿಯಿತು.