ಖಾತೂನ್ ತೊಳೆದ ತುಂಡು

ಖಾತೂನಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ನಾಲ್ಕು ವರ್ಷ ಮೈಮುರಿದು ದುಡಿದವಳು ನಾನು, ಸುವರ್ಣಮ್ಮ. ಜೀನ್ಸ್ ತೊಳೆಯುವ ಘಟಕದಿಂದ ಮೊನ್ನೆ ಮೊನ್ನೆ ಬಂದ ಅವಳನ್ನು ಡಾಕ್ಟರ್ ವಿರೂಪಾಕ್ಷಪ್ಪ ಹೊಗಳಿದ್ದೇ ಹೊಗಳಿದ್ದು.

ಕರಗಿಸಿದ ಪ್ಲಾಸ್ಟಿಕ್ಕಿಗೆ ಉಪ್ಪಿನ ಹರಳು ಕಲಸಿ ಅಚ್ಚಿಗೆ ಹಾಕುತ್ತಿದ್ದೆವು. ಗಟ್ಟಿಯಾದ ಮೇಲೆ ಮೂರು ದಿನ ನೀರು ಬದಲಿಸುತ್ತ ತೊಳೆದರೆ ಉಪ್ಪು ಹೋಗಿ ತೂತುಗಳು ಉಳಿಯುತ್ತವೆ. ಮೂಳೆ ಮುರಿದ ಜಾಗದಲ್ಲಿ ಆ ತುಂಡು ಇಟ್ಟರೆ ತೂತುಗಳೊಳಗೆ ಹೊಸ ಮೂಳೆ ಬೆಳೆಯಬೇಕು. ಮೊಲಗಳಲ್ಲಿ ಬೆಳೆದಿತ್ತು. ಬರೀ ನೀರಲ್ಲೇ ತೊಳೆಯಬೇಕು, ಸೋಪಿನ ಅಂಶ ಚೂರು ಉಳಿದರೂ ಒಳಗಿನ ಜೀವಕೋಶಗಳು ಸಾಯುತ್ತವೆ, ಹೊಸಬಳಿಗೆ ಹೇಳಿಕೊಡು ಎಂದಿದ್ದರು ಡಾಕ್ಟರು. ನಾನು ಹೇಳಿಕೊಡಲಿಲ್ಲ.

ಅದಿರಿನ ಲಾರಿಗಳು ಕಣ್ಣು ಮುಚ್ಚಿಕೊಂಡು ಓಡುತ್ತಿದ್ದ ಕಾಲ. ಕುರುಗೋಡು ರಸ್ತೆಯಲ್ಲಿ ಒಂದು ಲಾರಿ ಖಾತೂನಳ ಗಂಡ ಆಸಿಂನ ಕಾಲಿನ ಮೇಲೆ ಹರಿಯಿತು. ಹೆಬ್ಬೆರಳುದ್ದ ಮೂಳೆ ಪುಡಿಪುಡಿ. ಕಾಲು ಕತ್ತರಿಸಬೇಕು, ಇಲ್ಲವೇ ನಮ್ಮ ತುಂಡು ಇಟ್ಟು ನೋಡಬೇಕು ಎಂದರು ಡಾಕ್ಟರು. ಮನುಷ್ಯರಿಗೆ ಇಡಲು ಪರವಾನಗಿಯಿಲ್ಲ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದೂ ಸೇರಿಸಿದರು.

"ಇಡ್ರಿ ಸರ್. ನನ್ನ ಕೈಯಾರ ತೊಳದು ಕೊಡ್ತೀನಿ," ಎಂದಳು ಖಾತೂನ್.

ಮೂರು ದಿನ ಊಟ ಮರೆತು ತೊಳೆದಳು. ಕಡೆಯ ನೀರಿಗೆ, ಮನೆಯಿಂದ ತಂದ ಬಾಟಲಿಯಿಂದ ಒಂದು ಮುಚ್ಚಳ ಏನನ್ನೋ ಸುರಿದಳು.

"ಏನದು?" ಎಂದೆ.

"ಸಾಫ್ಟ್‌ನರ್ ಅಕ್ಕಾ. ಜೀನ್ಸಿಗೆ ಕಡೀ ನೀರಾಗ ಹಾಕ್ತಿದ್ವಿ, ಮೆತ್ತಗ ಆಗತೈತಿ. ಮೊಲಕ್ಕ ಹೆಂಗಿದ್ರೂ ನಡೀತೈತಿ. ನಮ್ಮ ಮನಿಯವರಿಗೆ ಚುಚ್ಚಬಾರದಲ್ಲ."

ಅದೂ ಸೋಪಿನ ಜಾತಿಯದೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಇವಳೂ ಒಮ್ಮೆ ಬೈಸಿಕೊಳ್ಳಲಿ ಎನಿಸಿತು. ಆಸಿಂನ ಕಾಲು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಆದರೂ ಸುಮ್ಮನಿದ್ದೆ.

ಹದಿನೈದು ದಿನಕ್ಕೆ ಕಾಲು ಕೊಳೆಯಿತು. ತೊಡೆಯವರೆಗೆ ಕತ್ತರಿಸಿದರು. ಡಾಕ್ಟರು ಖಾತೂನಳನ್ನು ಎದುರು ನಿಲ್ಲಿಸಿ ಕೇಳಿದರು: "ತೊಳೆಯುವಾಗ ಏನಾದರೂ ಹೆಚ್ಚುಕಮ್ಮಿ ಮಾಡಿದೆಯೇನು?"

ಅವಳು ನನ್ನತ್ತ ತಿರುಗಿದಳು. "ಅಕ್ಕಾ ಬಾಜೂಕ ಇದ್ದಳು ಸರ್. ನೀನ ಹೇಳಕ್ಕಾ, ನಾ ಏನರ ತಪ್ಪು ಮಾಡೀನೇನು?"

ನಿಜ ಹೇಳಿದರೆ ನನ್ನ ಬುಡಕ್ಕೇ ಬರುತ್ತಿತ್ತು.

"ಇಲ್ಲ ಸರ್. ಭಾಳ ಚಂದ ತೊಳದಾಳ," ಎಂದೆ.

ಖಾತೂನ್ ನನ್ನ ಹೆಗಲಿಗೆ ಒರಗಿ ಬಿಕ್ಕಿದಳು. "ನೀ ಇಲ್ಲಂದ್ರ ನನ್ನ ಯಾರು ನಂಬ್ತಿದ್ರಕ್ಕಾ?"

ಹಾಗಾದರೆ ಆಸಿಂನ ಮೈಗೇ ಒಗ್ಗಲಿಲ್ಲ ಎಂದು ಡಾಕ್ಟರು ಬರೆದುಕೊಂಡರು. "ಸಿರುಗುಪ್ಪದ ಜಡೆಪ್ಪನ ಕಾಲಿಗೆ ಮುಂದಿನ ವಾರ ಒಂದು ತುಂಡು ಬೇಕು. ಖಾತೂನೇ ತೊಳೆಯಲಿ."

"ಆಗಲಿ ಸರ್," ಎಂದೆ.