ಅರ್ಧ ಗಂಟೆ ಹಿಂದಿನ ಗಡಿಯಾರ

ಮೂರನೆಯ ಸಲವೂ ಅದೇ ಆಯಿತು. ಶಾಂಭವಿ ಮೌಸ್ ಒತ್ತಿದಳು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧದವರೆಗೆ ಓಡಿ ನಿಂತಿತು. ಸರ್ವೀಸ್ ಶುರುವಾಯಿತು, ಶುರುವಾಗಿ ನಿಂತುಹೋಯಿತು ಎಂದು ಸಣ್ಣ ಚೌಕವೊಂದು ತೋರಿಸಿತು. ಹೊಸ ಕಂಪ್ಯೂಟರಿನ ನೆತ್ತಿಯ ಮೇಲೆ ಇಟ್ಟ ಕುಂಕುಮ ಇನ್ನೂ ಒಣಗಿರಲಿಲ್ಲ.

"ಏನಂತೆ ಅದ್ಕೆ?" ಎಂದರು ಕೃಷ್ಣಮ್ಮ, ಊದುಬತ್ತಿಯ ಬೂದಿ ಕೀಬೋರ್ಡಿನ ಮೇಲೆ ಬೀಳದಂತೆ ತಟ್ಟೆ ಸರಿಸುತ್ತ. ಕಾರ್ಖಾನೆಯ ಯಜಮಾನ ಹನುಮಂತರಾಯಪ್ಪನವರ ಹೆಂಡತಿ ಅವರು. ಪೂಜೆ ಮಾಡಿಸಲೆಂದೇ ವರ್ತೂರಿನಿಂದ ಬಂದಿದ್ದರು.

"ಗೊತ್ತಾಗವಲ್ದ್ರಿ ಅಮ್ಮಾರ. ಚಾಲೂ ಆಗ್ತದ, ಮತ್ತ ಬೀಳ್ತದ."

"ನನ್ನ ಸೊಸೆ ಸ್ಕೂಟಿ ಅಂಗೇ ಬುಡು. ಒದ್ದು ನೋಡು."

ಶಾಂಭವಿಗೆ ನಗು ಬರಲಿಲ್ಲ. ವೈಟ್‌ಫೀಲ್ಡಿನ ಆ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳು ತಯಾರಾಗುತ್ತಿದ್ದವು. ಪ್ರತಿ ಪೆಟ್ಟಿಗೆಯ ಅಳತೆಯ ವರದಿಯನ್ನು ಇಲ್ಲಿಯ ಕಂಪ್ಯೂಟರಿನಲ್ಲಿ ಹಾಕಬೇಕು, ಅತ್ತಿಬೆಲೆಯ ಕಂಪನಿಯವರು ಅಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ಅದನ್ನು ತೆರೆದು ನೋಡಬೇಕು, ಆಮೇಲೆಯೇ ಅವರ ಗೇಟು ಲಾರಿಗೆ ತೆರೆಯುವುದು. ಆ ಪುಟವನ್ನು ಅವರಿಗೆ ಕಾಣಿಸುವ ಕೆಲಸ ಸರ್ವೀಸ್ ಎಂಬ ಈ ಪ್ರೋಗ್ರಾಮಿನದು. ಅದು ಏಳದಿದ್ದರೆ ಪುಟವಿಲ್ಲ. ಲಾರಿ ಒಂಬತ್ತರಿಂದ ಅಲ್ಲಿ ನಿಂತಿತ್ತು. ಇವತ್ತು ಶುಕ್ರವಾರ, ಅವರ ಸಾಮಾನಿನ ಗೇಟು ಹನ್ನೊಂದೂವರೆಗೇ ಮುಚ್ಚುತ್ತದೆ.

ಶಾಂಭವಿಯ ಮೂರು ತಿಂಗಳ ಪರೀಕ್ಷೆಯ ಅವಧಿ ನಾಳೆಗೆ ಮುಗಿಯುತ್ತಿತ್ತು. ಪಟ್ಟಂದೂರು ಅಗ್ರಹಾರದ ಒಂದೇ ಕೋಣೆಯಲ್ಲಿ ಅಕ್ಕನ ಸಂಸಾರದ ನಡುವೆ ಚಾಪೆ ಹಾಸಿ ಮಲಗುತ್ತಿದ್ದವಳಿಗೆ ಖಾಯಂ ಆಗುವುದೆಂದರೆ ಏನೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ.

ಮೊಬೈಲ್ ಬಡಿದುಕೊಂಡಿತು. ಲಾರಿಯ ರಾಮಾಂಜಿನಪ್ಪ.

"ಮೇಡಂ, ಏನ್ ನಿಮ್ ಕತೆ? ಇಲ್ಲಿ ವಾಚ್‌ಮನ್ನು ನನ್ ಮುಖ ನೋಡಿ ನೋಡಿ ಅವನೇ ಟೀ ತರಿಸ್ಕೊಟ್ಟ. ಇನ್ನೊಂದ್ ಅರ್ಧ ಗಂಟೆ ಬಿಟ್ರೆ ಊಟಾನೂ ಹಾಕಿ ವಾಪಸ್ ಕಳಿಸ್ತಾನೆ."

"ಹತ್ತು ನಿಮಿಷ ಅಣ್ಣಾರ, ಹತ್ತೇ ನಿಮಿಷ."

ಹಗ್ಗ ಎಲ್ಲಿ ಕಡಿದಿದೆ ಎಂದು ಹುಡುಕುವುದಾದರೆ ಅದು ಗಟ್ಟಿಯಾಗಿದ್ದ ಜಾಗದಿಂದ ಹಿಡಿದು ಬರಬೇಕು. ನಿನ್ನೆ ಸಂಜೆ ಪ್ರೋಗ್ರಾಂ ಹಾಕಲು ಬಂದವನು ಎಲ್ಲವನ್ನೂ ಓಡಿಸಿ ತೋರಿಸಿ ಹೋಗಿದ್ದ. ಇವತ್ತು ಬೆಳಿಗ್ಗೆ ಹತ್ತೂ ನಲವತ್ತರವರೆಗೂ, ಅವಳು ವರದಿಗಳನ್ನೆಲ್ಲ ಹಾಕಿ ಮುಗಿಸುವ ತನಕ, ಸರಿಯಾಗಿಯೇ ಓಡುತ್ತಿತ್ತು. ಪೂಜೆಯಾದ ಮೇಲೆ ಹೊಸದಾಗಿ ಶುರುಮಾಡಿದ ಹಾಗೆ ಇರಲಿ ಎಂದು ತಾನೇ ಅದನ್ನು ನಿಲ್ಲಿಸಿದ್ದಳು. ಅದಾದ ಮೇಲೆ ಮಾಡಿದ್ದೇನು?

ಹತ್ತೂವರೆಗೆ ರಾಹುಕಾಲ. "ಅಷ್ಟರೊಳಗೆ ಶುರುಮಾಡಿ, ಶುರುವಾದ ಟೈಮು ಆ ಪುಟದ ತಲೆ ಮೇಲೇ ಬರುತ್ತೆ, ನಾನು ನೋಡ್ತೀನಿ" ಎಂದು ಹೇಳಿ ಯಜಮಾನರು ಕರೆಂಟ್ ಆಫೀಸಿಗೆ ಹೋಗಿದ್ದರು. ಹಳೆಯ ಕಂಪ್ಯೂಟರು ಸುಟ್ಟುಹೋದದ್ದು ರಾಹುಕಾಲದಲ್ಲಿ ಶುರುಮಾಡಿದ್ದಕ್ಕೇ ಎಂದು ಅವರ ನಂಬಿಕೆ. ಕೃಷ್ಣಮ್ಮನ ಕಾರು ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅವರು ಬಂದಾಗ ಹತ್ತೂ ನಲವತ್ತೆರಡು. ಅವರೇನೂ ಗಾಬರಿಯಾಗಿರಲಿಲ್ಲ. ಕುರ್ಚಿ ಹತ್ತಿ ಗೋಡೆ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ, ಗಾಜಿಗೊಂದು ಕುಂಕುಮದ ಬೊಟ್ಟಿಟ್ಟು, "ನಮ್ಮನೆ ಗೃಹಪ್ರವೇಶ್ದಲ್ಲೂ ಇಂಗೇ ಮಾಡಿದ್ದು ಕಣವ್ವ. ನಿನ್ ಡಬ್ಬದಾಗೂ ಒಸಿ ಹಿಂದ್ಕೆ ತಿರುಗಿಸ್ಬುಡು" ಎಂದಿದ್ದರು. ಶಾಂಭವಿ ತಿರುಗಿಸಿದ್ದಳು.

ಈಗ ಅವಳು ಸರ್ವೀಸಿನ ದಿನಚರಿ ಬರೆಯುವ ಫೈಲು ತೆರೆದು ಕೊನೆಯ ಸಾಲಿಗೆ ಹೋದಳು. ಗಡಿಯಾರ ಹಿಂದೆ ಹೋಗಿದೆ, ಲೈಸೆನ್ಸ್ ಒಪ್ಪುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಮೂರು ಸಲ ಬರೆದಿತ್ತು.

"ಅಮ್ಮಾರ, ಇದು ತಾ ನಿಂತ ಟೈಮು ಬರ್ದ್ ಇಟ್ಕೊಂಡದ. ಹತ್ತೂ ನಲವತ್ತಕ್ಕ ಮಲಗಿದ್ದನ್ನ ಹತ್ತೂವರೆ ಒಳಗ ಏಳು ಅಂದ್ರ ಏಳವಲ್ದು."

"ಅಯ್ಯೋ, ದೇವ್ರೇ ಒಪ್ಕಂತಾನೆ, ಇದಕ್ಕೇನು ದೊಡ್ಡಸ್ತಿಕೆ!"

"ಟೈಮು ಸರಿ ಮಾಡಿದ್ರ ಏಳ್ತದ್ರಿ. ಆದ್ರ ಹನ್ನೊಂದೂ ಚಿಲ್ಲರೆ ಅಂತ ಪುಟದ ಮ್ಯಾಲ ಬರ್ತದ. ಹನ್ನೆರಡಕ್ಕ ರಾಹುಕಾಲ ಮುಗಿಯೂ ತನಕ ಕಾದ್ರ ಗೇಟ್ ಮುಚ್ತದ."

ಕೃಷ್ಣಮ್ಮ ಕುರ್ಚಿಯಲ್ಲಿ ಕುಳಿತರು. ಸೆರಗಿನಿಂದ ಕತ್ತು ಒರೆಸಿಕೊಂಡರು. ಹೊರಗೆ ಜೀಪಿನ ಸದ್ದಾಯಿತು.

ಹನುಮಂತರಾಯಪ್ಪ ಒಳಗೆ ಬಂದವರೇ ಕೇಳಿದರು: "ಯಾಕೆ ರಾಮಾಂಜಿನಪ್ಪ ನಂಗೆ ಫೋನ್ ಮಾಡ್ತಾವ್ನೆ? ಶುರುವಾಗಿಲ್ವಾ? ಏನಮ್ಮಾ ಶಾಂಭವಿ, ಹತ್ತೂವರೆ ಒಳಗೆ ಅಂತ ಹೇಳಿರ್ಲಿಲ್ವಾ?"

ಶಾಂಭವಿ ಎದ್ದು ನಿಂತಳು. ಅಮ್ಮನವರ ಹೆಸರು ಹೇಳಿದರೆ ತಾನು ಉಳಿಯಬಹುದು. ಹಾಗೆ ಉಳಿದು ನಾಳೆ ಅವರ ಮುಖ ನೋಡುವುದು ಹೇಗೆ? "ತಪ್ಪಾತ್ರಿ ಸಾರ್. ಕಂಪ್ಯೂಟರ್ ಟೈಮು ನಾನ ಹಿಂದಕ್ಕ ತಿರುಗ್ಸೀನ್ರಿ. ಅದಕ್ಕ ನಿಂತದ."

"ನೀನ್ ತಿರುಗ್ಸಿದ್ಯಾ! ಯಾರಮ್ಮಾ ನಿಂಗೆ—"

"ನಾನು" ಎಂದರು ಕೃಷ್ಣಮ್ಮ, ಕುಳಿತಲ್ಲಿಂದಲೇ. "ಆ ಮಗೀನ ಮ್ಯಾಕೆ ಯಾಕ್ ಎಗರ್ತೀರಾ? ನಾನು ತಡವಾಗಿ ಬಂದೆ, ನಾನೇ ತಿರುಗ್ಸು ಅಂದೆ. ಗೋಡೇದನ್ನೂ ನಾನೇ ತಿರುಗ್ಸಿದ್ದು."

ಯಜಮಾನರು ಗೋಡೆ ನೋಡಿದರು, ಕೈಗಡಿಯಾರ ನೋಡಿದರು. ಹನ್ನೊಂದೂ ಹದಿನೈದು. "ಈಗ ಶುರುಮಾಡಿದ್ರೆ ರಾಹುಕಾಲ, ಬಿಟ್ರೆ ಲಾರಿ ವಾಪಸ್. ಎರಡೂ ಕಡೆ ಕೆಡಿಸಿಟ್ರಿ."

ಕೃಷ್ಣಮ್ಮ ಶಾಂಭವಿಯತ್ತ ತಿರುಗಿದರು. "ಇದನ್ನ ಮೊದ್ಲು ಓಡ್ಸಿದ್ದು ಯಾವಾಗ?"

"ನಿನ್ನೆ ಸಂಜೀ ನಾಕೂವರಿಗ್ರಿ."

"ನಿನ್ನೆ ಗುರುವಾರ. ರಾಹುಕಾಲ ಮೂರಕ್ಕೇ ಮುಗೀತು. ಅಂಗಾರೆ ಇದು ಹುಟ್ಟಿದ್ದು ನಿನ್ನೆ, ಒಳ್ಳೇ ಒತ್ನಲ್ಲೇ." ಗಂಡನ ಕಡೆ ಕೈ ತೋರಿಸಿದರು. "ಹುಟ್ಟಿದ ಮಗ ಮಲಗಿ ಎದ್ದಾಗೆಲ್ಲ ಪಂಚಾಂಗ ತೆಗೀತೀವಾ? ನೀವು ಮದ್ಯಾನ ಮಲಗಿ ಏಳೋಕೆ ಯಾವ ಮುಹೂರ್ತ ನೋಡ್ತೀರಿ, ಹೇಳಿ?"

ಹನುಮಂತರಾಯಪ್ಪ ನಾಲ್ಕಾರು ಸಲ ಮೀಸೆ ತೀಡಿಕೊಂಡರು. ಕಂಪ್ಯೂಟರಿನ ನೆತ್ತಿಯ ಕುಂಕುಮ ನೋಡಿ, ಅದೂ ಸರಿಯೆಂಬಂತೆ ತಲೆಯಾಡಿಸಿದರು.

"ಎಬ್ಸಮ್ಮ" ಎಂದರು.

ಶಾಂಭವಿ ಸಮಯ ಸರಿಪಡಿಸಿ ಮೌಸ್ ಒತ್ತಿದಳು. ಹಸಿರು ಪಟ್ಟಿ ಅರ್ಧಕ್ಕೆ ಬಂತು. ಮೂವರೂ ಪರದೆಯತ್ತ ಬಾಗಿದರು. ಪಟ್ಟಿ ಮುಂದಕ್ಕೆ ಹರಿದು ತುದಿ ಮುಟ್ಟಿತು. ಅವಳು ಪುಟ ತೆರೆದಳು. ವರದಿಗಳು ಸಾಲಾಗಿ ಬಂದವು. ತಲೆಯ ಮೇಲೆ ಹನ್ನೊಂದೂ ಹದಿನೆಂಟು ಎಂದು ಬಿದ್ದಿತ್ತು. ಯಜಮಾನರು ಅದನ್ನು ಕಂಡೂ ಕಾಣದವರಂತೆ ಕಿಟಕಿಯ ಕಡೆ ತಿರುಗಿದರು.

ಹನ್ನೊಂದೂ ಇಪ್ಪತ್ತಾರಕ್ಕೆ ಫೋನು ಬಂತು. "ಒಳಗೆ ಬಿಟ್ರು ಮೇಡಂ! ವಾಚ್‌ಮನ್‌ಗೆ ಬೇಜಾರು, ಜೊತೆ ಹೋಯ್ತಲ್ಲಾಂತ."

ಈಗ ಶಾಂಭವಿ ನಕ್ಕಳು. ನಗುವಾಗ ಕಣ್ಣು ತುಂಬಿದ್ದು ಕಾಣಬಾರದೆಂದು ತೆಂಗಿನಕಾಯಿಯ ಹೋಳು ಎತ್ತಿಡಲು ಬಗ್ಗಿದಳು.

"ನಾಳೆ ಬರುವಾಗ ಸರ್ಟಿಫಿಕೇಟೆಲ್ಲ ಜೆರಾಕ್ಸ್ ಮಾಡಿಸ್ಕೊಂಡ್ ಬಾ. ಆರ್ಡರ್ ಟೈಪ್ ಮಾಡ್ಸಕ್ಕೆ ಬೇಕು" ಎಂದರು ಹನುಮಂತರಾಯಪ್ಪ, ಕಿಟಕಿಯ ಆಚೆಗೇ ನೋಡುತ್ತ. "ಟೈಮ್ ಗೀಮ್ ಮಾತ್ರ ಇನ್ಮೇಲೆ ಮುಟ್ಬೇಡ."

"ಇಲ್ರೀ ಸಾರ್."

ಕೃಷ್ಣಮ್ಮ ಕಾಯಿಯ ಚೂರಿಗೆ ಬೆಲ್ಲ ಸೇರಿಸಿ ಅವಳ ಅಂಗೈಗೆ ಹಾಕಿದರು. ಅಷ್ಟರಲ್ಲಿ ಯಜಮಾನರು ತಾವೇ ಕೈ ಚಾಚಿ ಗೋಡೆಯ ಮೊಳೆಯಿಂದ ಗಡಿಯಾರ ಇಳಿಸಿದ್ದರು. ಅದಿದ್ದ ಜಾಗದಲ್ಲಿ ಸುಣ್ಣ ದುಂಡಗೆ ಬೆಳ್ಳಗಿತ್ತು. ಹಿಂಬದಿಯ ಗುಂಡಿ ಮೆಲ್ಲಗೆ ತಿರುಗಿಸಿ, ತಮ್ಮ ಕೈಗಡಿಯಾರಕ್ಕೆ ಎರಡು ಸಲ ತಾಳೆ ನೋಡಿ, ಅಂಗಿಯ ತೋಳಿನಿಂದ ಗಾಜಿನ ಧೂಳು ಒರೆಸಿದರು. ಕುಂಕುಮದ ಬೊಟ್ಟು ಇದ್ದಲ್ಲಿ ಮಾತ್ರ ತೋಳು ಸುತ್ತುಹಾಕಿ ಹೋಯಿತು.