ಹೆಬ್ಬೆಟ್ಟಿನ ಗೋಡೆ

ಪುರಭವನದ ಮುಂಗೋಡೆಯ ಇಟ್ಟಿಗೆಗಳನ್ನು ಅಚ್ಚಿನಲ್ಲಿ ಕೊಯ್ದವರು ಮೂವತ್ತೊಂದು ಹೆಂಗಸರು. ಬಾಗಿಲ ಪಕ್ಕದ ಕಲ್ಲಿನಲ್ಲಿ ಇಟ್ಟಿಗೆ ಗೂಡಿನ ಯಜಮಾನನ ಹೆಸರಿದೆ, ನಕ್ಷೆ ಬರೆದವನ ಹೆಸರಿದೆ, ಕಂತ್ರಾಟುದಾರನ ಹೆಸರಿದೆ, ಉದ್ಘಾಟನೆಗೆ ಬಂದು ಅರ್ಧ ಗಂಟೆ ಕೂತು ಹೋದವನ ಹೆಸರೂ ಇದೆ. ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ.

ಐವತ್ತೆರಡು ವರ್ಷದ ಮೇಲೆ ಊರಿನವರು ‘ನಮ್ಮೂರ ಚರಿತ್ರೆಯ ದಿನ’ ಎಂದು ಒಂದು ಭಾನುವಾರವನ್ನು ಗೊತ್ತುಮಾಡಿದರು. ಆ ಹೊತ್ತಿಗೆ ಮೂವತ್ತೊಂದು ಜನರಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬಳು ಊರೆಲ್ಲ ಅಚ್ಚಿನಜ್ಜಿ ಎಂದು ಕರೆಯುವ ಮುದುಕಿ, ಇನ್ನೊಬ್ಬಳು ಅವಳ ನಾದಿನಿ. ಒಂದೇ ಸೂರಿನಡಿ ಬಾಳಿದವರು, ಒಂದೇ ಮಣ್ಣು ತುಳಿದವರು, ದಿನಕ್ಕೊಂದು ಸಲವಾದರೂ ಜಗಳವಾಡದೆ ಊಟಕ್ಕೆ ಕೂತವರಲ್ಲ.

ಬೆಳಿಗ್ಗೆ ಒಂಬತ್ತಕ್ಕೇ ಇಬ್ಬರೂ ಹಾಜರು. ಒಳಗೆ ಉದ್ದುದ್ದ ಮೇಜುಗಳ ಮೇಲೆ ಹಳೆಯ ಫೋಟೋ, ತಕ್ಕಡಿ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅಂಚೆಯವನ ತೊಗಲಿನ ಚೀಲ, ಗಾಜು ಒಡೆದ ಲಾಟೀನು. ಅಜ್ಜಿ ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಒಂದು ಸುತ್ತು ಹಾಕಿದಳು.

“ಇದೆಲ್ಲ ನಮ್ಮ ಅಟ್ಟದ ಮೇಲೂ ಇದೆ ಕಣೆ. ನೋಡೋಕೆ ಸೀರೆ ಇಸ್ತ್ರಿ ಮಾಡಿಸ್ಕೊಂಡು ಬರಬೇಕಿತ್ತಾ?”

“ಅಲ್ಲೊಂದು ಮೇಜು ಖಾಲಿ ಇದೆ ಅತ್ತಿಗೆ,” ಎಂದಳು ನಾದಿನಿ. “ಹತ್ತಿ ಕೂತ್ಕೋ. ನೋಡೋರಿಗೆ ಅನುಕೂಲ ಆಗುತ್ತೆ.”

ಅಜ್ಜಿಗೆ ನಗು ಬಂತು. ತೋರಿಸಿಕೊಳ್ಳದೆ ಹೊರಗೆ ಬಂದಳು, ಹಿಂದೆಯೇ ನಾದಿನಿ. ಬಿಸಿಲು ಆಗತಾನೇ ಮುಂಗೋಡೆಗೆ ಬಿದ್ದಿತ್ತು. ಬಾಗಿಲ ಎಡಕ್ಕೆ, ಎದೆಮಟ್ಟದ ಸಾಲುಗಳಲ್ಲಿ, ಅಡ್ಡಲಾಗಿ ಕೂರಿಸಿದ ಇಟ್ಟಿಗೆಗಳ ತಲೆಗಳು, ಗಿಡ್ಡ ತುದಿಗಳು, ಮಾತ್ರ ಕಾಣುತ್ತಿದ್ದವು. ಒಂದೊಂದು ತಲೆಯ ಮೇಲೂ ಒಂದೊಂದು ಗುಳಿ. ಅಜ್ಜಿ ಒಂದರಲ್ಲಿ ಹೆಬ್ಬೆರಳು ಇಟ್ಟಳು. ಬೆರಳು ವಯಸ್ಸಿಗೆ ಊದಿಕೊಂಡಿತ್ತು, ಗುಳಿಗೆ ಹಿಡಿಸಲಿಲ್ಲ. ಆದರೂ ಗುರುತು ಅವಳದೇ.

ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸೊಬ್ಬಳು ನಿಂತು ಕೇಳಿದಳು. “ಏನಜ್ಜಿ ಅದು, ಚಿತ್ತಾರವಾ?”

“ಚಿತ್ತಾರ ಬಿಡಿಸೋಕೆ ಯಾರಿಗಮ್ಮ ಪುರುಸೊತ್ತಿತ್ತು? ಮಣ್ಣು ಅಚ್ಚಿಗೆ ಹೊಡೆದು ನೆಲದ ಮೇಲೆ ಬಿಡಿಸ್ತೀವಿ. ಮಾರನೇ ದಿನ ಅರೆ ಒಣಗಿದಾಗ ಮಗ್ಗುಲು ಮಾಡ್ತೀವಿ. ಆಗ ತಲೆ ಮೇಲೆ ಅವರವರ ಬೆರಳು ಒತ್ತಬೇಕು. ಅಡ್ಡ ಹೆಬ್ಬೆಟ್ಟು ನಂದು. ಈ ಎರಡು ಬೆರಳು ಇವಳದು, ನನ್ನ ನಾದಿನೀದು. ಈ ಸಣ್ಣ ತೂತು ನೋಡು, ಅದು ನಮ್ಮತ್ತೆ ಕಿರುಬೆರಳು. ಬೇರೆ ಬೆರಳೆಲ್ಲ ಅಷ್ಟೊತ್ತಿಗೆ ಸೆಟೆದು ಹೋಗಿದ್ವು.”

“ಉಗುರು ಮೂಡಿದೆಯಲ್ಲ, ಅದು ಯಾರದು?”

“ಅವಳು ಹೊಸ ಮದುವಣಗಿತ್ತಿ. ಉಗುರು ಕತ್ತರಿಸು ಅಂದ್ರೆ ಗಂಡ ಬೇಡ ಅಂತಾನೆ ಅಂತಿದ್ಲು. ಮಣ್ಣಲ್ಲಿ ಎಂಟು ದಿನ, ತಾನಾಗೇ ಹೋದ್ವು. ಆಮೇಲಿನ ಇಟ್ಟಿಗೇಲಿ ಉಗುರಿಲ್ಲ, ಹುಡುಕಿ ನೋಡು.”

ಹೆಂಗಸು ಹುಡುಕಿದಳು. ಹುಡುಕುತ್ತಿರುವವಳನ್ನು ನೋಡಿ ಇನ್ನಿಬ್ಬರು ನಿಂತರು. ಹತ್ತೂವರೆಯ ಹೊತ್ತಿಗೆ ಒಳಗಿನ ಲಾಟೀನು ನೋಡುವವರಿಲ್ಲದೆ ಕೂತಿತ್ತು, ಜನವೆಲ್ಲ ಗೋಡೆಯ ಮುಂದೆ. ಪ್ರದರ್ಶನ ಜೋಡಿಸಿದ್ದ ಗ್ರಂಥಾಲಯದ ಮೇಡಂ ಓಡಿಬಂದು, ಅಜ್ಜಿಗೊಂದು ಕುರ್ಚಿ ತಂದು ಗೋಡೆಗೆ ಒತ್ತಿ ಹಾಕಿದರು. ತಾವು ನೆಲದ ಮೇಲೆ ಕೂತು ನೋಟುಪುಸ್ತಕ ಬಿಚ್ಚಿದರು. ಅಜ್ಜಿ ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಯಾರು ಹಾಡು ಹೇಳುತ್ತಿದ್ದಳು, ಯಾರು ಕಂಕುಳಲ್ಲಿ ಮಗು ಕಟ್ಟಿಕೊಂಡು ಮಣ್ಣು ತುಳಿಯುತ್ತಿದ್ದಳು, ಯಾರು ಗೂಡಿನ ಮೇಸ್ತ್ರಿ ನಡೆಯುವುದನ್ನು ಅಣಕಿಸಿ ತೋರಿಸುತ್ತಿದ್ದಳು. ಹತ್ತೊಂಬತ್ತು ಹೆಸರಾದವು. ಅಜ್ಜಿಗೆ ಇಷ್ಟು ಹಿತವಾಗಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಯಾರೋ ಚಹ ತಂದುಕೊಟ್ಟರು, ಇನ್ನಾರೋ ಬೆನ್ನಿಗೆ ದಿಂಬು ಕೊಟ್ಟರು.

“ಗುರುತು ಹಾಕಿ ಅಂತ ಯಜಮಾನರು ಹೇಳಿದ್ರಾ ಅಜ್ಜಿ? ನಿಮ್ಮ ಹೆಸರು ಉಳೀಲಿ ಅಂತ?” ಮೇಡಂ ಕೇಳಿದರು.

“ಹೇಳಿದ್ದು ಅವರೇ. ಗೂಡಿಂದ ತೆಗೆದಾಗ ಒಡೆದಿದ್ರೆ ಯಾರನ್ನ ಬೈಬೇಕು ಅಂತ ತಿಳೀಬೇಕಲ್ಲ, ಅದಕ್ಕೆ. ಬೈಯೋಕೆ ನಮ್ಮ ಗುರುತು ಬೇಕಾಗಿತ್ತಮ್ಮ. ಗೋಡೆ ಎದ್ದು ನಿಂತ ಮೇಲೆ ಯಾರಿಗೂ ಬೇಕಾಗಲಿಲ್ಲ.”

ಮೇಡಂ ಅದನ್ನೂ ಹಾಗೇ ಬರೆದುಕೊಂಡರು.

ಆಗಲೇ ಸಮಿತಿಯ ಕಾರ್ಯದರ್ಶಿ ಬಂದದ್ದು. ನಿವೃತ್ತ ಮೇಷ್ಟ್ರು, ಅಜ್ಜಿಯ ಮಗನಿಗೆ ಮಗ್ಗಿ ಕಲಿಸಿದವರು, ಕೆಟ್ಟ ಮನುಷ್ಯರಲ್ಲ. ಹಿಂದೆ ಡ್ರಿಲ್ಲು ಹಿಡಿದ ಬಡಗಿ. ಇಬ್ಬರ ನಡುವೆ ಬಟ್ಟೆ ಸುತ್ತಿದ ಒಂದು ತಗಡಿನ ಫಲಕ, ಆಳುದ್ದ, ಎರಡಾಳಗಲ. ಬಟ್ಟೆ ಸರಿದ ಕಡೆ ಬಂಗಾರದ ಬಣ್ಣದ ಅಕ್ಷರ ಕಂಡವು: ‘ಈ ಭವನವನ್ನು ಕಟ್ಟಿದ ಮಹನೀಯರು’. ಕೆಳಗೆ ಯಜಮಾನ, ನಕ್ಷೆಯವನು, ಕಂತ್ರಾಟುದಾರ, ಅರ್ಧ ಗಂಟೆಯವನು.

“ಅಮ್ಮ, ಸ್ವಲ್ಪ ಏಳ್ತೀರಾ? ಇದನ್ನ ಇಲ್ಲಿ ಕೂರಿಸಬೇಕು. ಹನ್ನೊಂದೂವರೆಗೆ ಯಜಮಾನರ ಮೊಮ್ಮಗ ಬರ್ತಾರೆ, ಅವರ ಕೈಯಿಂದ್ಲೇ ಅನಾವರಣ.”

“ಇಲ್ಲೇನಾ?” ಮೇಡಂ ಎದ್ದುನಿಂತರು. “ಸಾರ್, ಇಲ್ಲಿ ಹಾಕಿದ್ರೆ ಗುರುತೆಲ್ಲ ಮುಚ್ಚಿ ಹೋಗುತ್ತೆ. ಡ್ರಿಲ್ಲು ಬಿದ್ರೆ ಕೆಲವು ಪುಡೀನೇ ಆಗುತ್ತೆ.”

“ಎಲ್ಲರ ಕಣ್ಣಿಗೂ ಬೀಳೋ ಜಾಗ ಇದೊಂದೇ ತಾಯಿ. ಅಜ್ಜಿ ಹೇಳೋದು ಕೇಳೋಕೆ ಚೆನ್ನಾಗಿದೆ, ನಾನಿಲ್ಲ ಅನ್ನಲ್ಲ. ಆದರೆ ಚರಿತ್ರೆ ಅಂದಮೇಲೆ ದಾಖಲೆ ಬೇಕು. ಇದು ಅವರ ಬೆರಳು, ಇದು ಇವರ ಬೆರಳು ಅಂತ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಐವತ್ತು ವರ್ಷದ ಮಾತು. ತಪ್ಪಾಗಿರಬಾರದಾ?”

ಜನ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಚಹದ ಲೋಟ ಕೆಳಗಿಟ್ಟಳು.

“ತಪ್ಪಾಗಿದೆ ಮೇಷ್ಟ್ರೇ,” ಎಂದಳು. “ಬಾಗಿಲ ಕಮಾನಿನ ಬುಡದಲ್ಲಿ ಏಳು ಇಟ್ಟಿಗೆ ಇದೆ ನೋಡಿ. ಅಡ್ಡ ಹೆಬ್ಬೆಟ್ಟು. ನಂದು ಅಂತಾನೇ ಹೇಳ್ಕೊಂಡು ಬಂದಿದ್ದೀನಿ. ನಂದಲ್ಲ.”

ನಾದಿನಿ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು.

“ಇವಳದು ಅದು. ಅವತ್ತು ಮೋಡ ಕವಿದಿತ್ತು, ಇವಳ ಸಾಲನ್ನೂ ನಾನೇ ಮಗ್ಗುಲು ಮಾಡಿದೆ. ಅವಸರದಲ್ಲಿ ನನ್ನ ಬೆರಳು ಒತ್ತಿಬಿಟ್ಟೆ. ಇವಳು ಎಡಚಿ, ಅಚ್ಚು ಎತ್ತೋದು ಎಡಗೈಯಲ್ಲಿ. ಅದಕ್ಕೇ ಇವಳ ಇಟ್ಟಿಗೆಗೆ ಒಂದು ಮೂಲೆ ಯಾವಾಗಲೂ ಚೂರು ಕುಸಿದಿರುತ್ತೆ. ಹೋಗಿ ನೋಡಿ. ಕಮಾನಿಗೆ ಅಂತ ಮೇಸ್ತ್ರಿ ಆರಿಸಿಕೊಂಡಿದ್ದು ಅದನ್ನೇ, ಇಡೀ ಗೂಡಲ್ಲಿ ಕೆಂಪಗೆ ಬೆಂದಿದ್ದು ಅದೇ. ಐವತ್ತು ವರ್ಷದಿಂದ ಇವಳು ನಂದು ನಂದು ಅಂತ ಬಡ್ಕೊಳ್ತಾ ಇದ್ಲು, ನಾನು ಅಲ್ಲ ಅಂತಾನೇ ಬಂದೆ.”

ಬಡಗಿ ಫಲಕದ ತನ್ನ ಕಡೆಯ ತುದಿಯನ್ನು ನೆಲಕ್ಕಿಟ್ಟು ಕಮಾನಿನ ಹತ್ತಿರ ಹೋದ. ಕೆಲಸದವನ ಕಣ್ಣು, ಬೆರಳಲ್ಲೂ ಸವರಿ ನೋಡಿದ. “ಏಳಕ್ಕೆ ಏಳೂ ಎಡಮೂಲೆ ಕುಸಿದಿದೆ ಸಾರ್,” ಎಂದ. “ಅಕ್ಕಪಕ್ಕದ್ದು ಸರಿಯಾಗಿದೆ.”

“ಅಯ್ಯೋ ಪಾಪಿ,” ಎಂದಳು ನಾದಿನಿ. ಅವಳ ಕಣ್ಣು ತುಂಬಿತ್ತು, ಮುಖವೆಲ್ಲ ನಗು. “ಇಷ್ಟು ಜನರ ಮುಂದೆ ಒಪ್ಕೋತಾ ಇದೀಯಲ್ಲ, ಮನೇಲಿ ಒಪ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಮನೇಲಿ ಒಪ್ಕೊಂಡ್ರೆ ಆಮೇಲೆ ಜಗಳಕ್ಕೆ ಏನಿರ್ತಿತ್ತೇ?”

ಗುಂಪು ನಕ್ಕಿತು. ಮೇಷ್ಟ್ರೂ ನಕ್ಕರು, ಕೈಗಡಿಯಾರ ನೋಡಿಕೊಂಡರು, ನಗು ಆರಿತು.

“ಆಯ್ತಮ್ಮ, ಒಪ್ಕೊಂಡೆ. ಮುಂದಿನ ವರ್ಷ ನಿಮ್ಮೆಲ್ಲರದ್ದೂ ಒಂದು ಚಿಕ್ಕ ಫಲಕ ಮಾಡಿಸೋಣ, ಹಿಂದಿನ ಗೋಡೆಗೆ. ಇವತ್ತಿಗೆ ಏಳಿ. ವೇದಿಕೆ ಮುಂದೆ ಮೊದಲನೇ ಸಾಲಲ್ಲೇ ನಿಮಗೆ ಜಾಗ ಇಡಿಸ್ತೀನಿ.”

ಅಜ್ಜಿ ಸುತ್ತಲೂ ನೋಡಿದಳು. ನಾದಿನಿ ಕಮಾನಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಏಳು ಇಟ್ಟಿಗೆಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಮೇಡಂ ಬರೆದ ಹತ್ತೊಂಬತ್ತರ ಕೆಳಗೆ ಇನ್ನೂ ಹನ್ನೆರಡು ಹೆಸರಿಗೆ ಜಾಗವಿತ್ತು. ಬಿಸಿಲಿಗೆ ಬೆಚ್ಚಗಾದ ಗೋಡೆ ಬೆನ್ನಿಗೆ ಹಾಯಾಗಿತ್ತು. ಅಜ್ಜಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಎದ್ದುನಿಂತು ಕೂಗಾಡುತ್ತಿದ್ದಳು.

“ಕಲ್ಲಿನಲ್ಲಿ ಇರೋರನ್ನೇ ತಿರುಗಾ ತಗಡಲ್ಲಿ ಬರೆಸಿದ್ದೀರಿ. ಬರೆಸ್ಕೊಳ್ಳಿ, ಹಿಂದಿನ ಗೋಡೆಗೆ ಹಾಕಿ,” ಎಂದಳು. “ಈ ಇಟ್ಟಿಗೆ ತಲೆ ಮೇಲೆ ಬೆರಳು ಒತ್ತು ಅಂದಾಗ ಒತ್ತಿದೆ. ಬೈದಾಗ ಬೈಸ್ಕೊಂಡೆ. ಗೂಡು ಮುಚ್ಚಿ ಮನೆಗೆ ಹೋಗಿ ಅಂದಾಗ ಹೋದೆ. ಇದೊಂದು ಮಾಡಲ್ಲ ಮೇಷ್ಟ್ರೇ.”

“ಅಮ್ಮ, ಕಾರು ಬಂತು ಅಲ್ಲಿ. ದಯವಿಟ್ಟು ಏಳಿ.”

ಅಜ್ಜಿ ಬೆನ್ನಹಿಂದಿನ ದಿಂಬನ್ನು ಸರಿಮಾಡಿಕೊಂಡಳು.

“ಏಳಲ್ಲ,” ಎಂದಳು.